ಪರೀಕ್ಷೆಯ ಎದುರಿನಲ್ಲೇ ಬೇಸಿಗೆ ಶಾಲೆ: ಹೋಗುವುದೇ, ಬಿಡುವುದೇ?

ಮಾರ್ಚ್ ಮುಗಿದು ಏಪ್ರಿಲ್ ಹಿಡಿಯುವ ಹೊತ್ತಿಗೆ ಪ್ರತಿ ವರ್ಷ ಯಾರಾದರೊಬ್ಬ ವಿದ್ಯಾರ್ಥಿ ಮೊಬೈಲ್ ಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಲ್ಲುತ್ತಾನೆ, ನಿಲ್ಲುತ್ತಾಳೆ. ರಜೆಯ ಕೆಲವು ವಾರ ಆಯ್ದ ವಿದ್ಯಾರ್ಥಿಗಳಿಗೆ ವಿಷಯ ಕಲಿಸುವ ಬೇಸಿಗೆ ಶಾಲೆಗೆ ಆಯ್ಕೆಯಾದ ಪತ್ರ ಬಂದಿರುತ್ತದೆ. ವಾರದೊಳಗೆ ಉತ್ತರ ಕೊಡಬೇಕು. ಅತ್ತ ಆರನೆಯ ಸೆಮಿಸ್ಟರಿನ ಪರೀಕ್ಷೆ ತಲೆಯ ಮೇಲಿದೆ. "ಮೇಡಂ, ಹೋಗಲೇ, ಬೇಡವೇ?"

ನಾನು ಉತ್ತರ ಕನ್ನಡ ಜಿಲ್ಲೆಯ ಕುಮಟಾ ಕಡೆಯ ಪದವಿ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಇದೇ ಪ್ರಶ್ನೆಗೆ ಹಿಂದೆಮುಂದೆ ನೋಡದೆ "ಹೋಗು" ಎಂದಿದ್ದೆ. ಹುಡುಗಿ ಜಾಣೆ. ಸಿದ್ದಾಪುರದ ಒಳಗಿನ ಹಳ್ಳಿಯವಳು, ಅಲ್ಲಿಯವರೆಗೆ ಹುಬ್ಬಳ್ಳಿ ದಾಟಿ ಹೋದವಳಲ್ಲ. ನಾಲ್ಕು ವಾರ ಮನಸಾರೆ ಕಲಿತಳು. ಬಂದ ಐದನೆಯ ದಿನ ಮೊದಲ ಪತ್ರಿಕೆ. ಒಂದು ವಿಷಯ ಪಾಸಾಗದೆ ಉಳಿಯಿತು. ಆ ವರ್ಷ ಎಂ.ಎಸ್ಸಿ. ಸೀಟು ಕೈತಪ್ಪಿತು. ಅವಳ ಅಪ್ಪ ಕಾಲೇಜಿಗೆ ಬಂದವರು ನನಗೆ ಒಂದು ಮಾತೂ ಬೈಯಲಿಲ್ಲ. "ಇನ್ನು ಮುಂದೆ ಏನು ಮಾಡುವುದು, ಹೇಳಿ" ಎಂದಷ್ಟೇ ಕೇಳಿದರು. ಅಂದಿನಿಂದ ನಾನು ಈ ಪ್ರಶ್ನೆಗೆ ಯಾರಿಗೂ ಒಂದೇ ಮಾತಿನಲ್ಲಿ ಉತ್ತರ ಕೊಟ್ಟಿಲ್ಲ. ಕೂರಿಸಿಕೊಂಡು ಕೆಲವು ಲೆಕ್ಕ ಹಾಕಿಸುತ್ತೇನೆ. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಶಾಲೆ ಎಷ್ಟು ದಿನ ಎಂದು ಎಲ್ಲರೂ ಕೇಳುತ್ತಾರೆ. ವಾಪಸು ಬಂದ ದಿನದಿಂದ ಮೊದಲ ಪತ್ರಿಕೆಯ ತನಕ ಎಷ್ಟು ದಿನ ಎಂದು ನಾನು ಕೇಳುತ್ತೇನೆ. ನಿರ್ಧಾರ ಬಹುಮಟ್ಟಿಗೆ ನಿಂತಿರುವುದು ಆ ದಿನಗಳ ಮೇಲೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀವು ಈಗ ಎರಡನೆಯ ವರ್ಷ ಮುಗಿಸುತ್ತಿದ್ದು, ಅಂತಿಮ ಪರೀಕ್ಷೆ ಇನ್ನೊಂದು ವರ್ಷದ ಆಚೆಗಿದ್ದರೆ ಈ ಲೇಖನ ಓದುವ ಅಗತ್ಯವೇ ಇಲ್ಲ. ನಾಲ್ಕನೆಯ ಸೆಮಿಸ್ಟರಿನ ಪರೀಕ್ಷೆಗೆ ಅಡ್ಡ ಬರದಿದ್ದರೆ ಹೋಗಿ. ಕಾರವಾರ, ಅಂಕೋಲಾ, ಶಿರಸಿಯ ಹುಡುಗರಿಗೆ ದೇಶದ ಒಳ್ಳೆಯ ಅಧ್ಯಾಪಕರ ಎದುರು ನಾಲ್ಕು ವಾರ ಕೂರುವ ಅವಕಾಶ ಮನೆ ಬಾಗಿಲಿಗೆ ಬರುವುದಿಲ್ಲ. ಇಕ್ಕಟ್ಟು ಇರುವುದು ಪದವಿಯ ಕೊನೆಯ ಸೆಮಿಸ್ಟರಿನವರಿಗೆ ಮತ್ತು ಎಂ.ಎಸ್ಸಿ. ನಾಲ್ಕನೆಯ ಸೆಮಿಸ್ಟರಿನವರಿಗೆ.

ಬಂದಿರುವ ಪತ್ರ ಯಾವ ಬಗೆಯದು?

ಬೇಸಿಗೆ ಶಾಲೆ ಎಂಬ ಒಂದೇ ಹೆಸರಿನ ಕೆಳಗೆ ಹಲವು ಬಗೆಗಳಿವೆ. ಗಣಿತದವರು ಎಂಟಿಟಿಎಸ್ ಎಂದು ಕರೆಯುವ ಗಣಿತ ತರಬೇತಿ ಮತ್ತು ಪ್ರತಿಭಾ ಶೋಧ ಕಾರ್ಯಕ್ರಮ 1993ರಲ್ಲಿ ಶುರುವಾದದ್ದು, ನಾಲ್ಕು ವಾರಗಳದ್ದು. ಅದರಲ್ಲಿ ಪದವಿಯ ಎರಡನೆಯ ವರ್ಷದವರಿಗೆ ಒಂದು ಹಂತ, ಅಂತಿಮ ವರ್ಷದವರಿಗೆ ಒಂದು, ಎಂ.ಎಸ್ಸಿ. ಮೊದಲ ವರ್ಷದವರಿಗೆ ಇನ್ನೊಂದು ಹಂತವಿದೆ. ಹಾಗಾಗಿ ಈ ವರ್ಷ ಬಿಟ್ಟರೂ ಎಂ.ಎಸ್ಸಿ. ಸೇರಿದ ಮೇಲೆ ಮುಂದಿನ ಹಂತಕ್ಕೆ ಅರ್ಜಿ ಹಾಕಬಹುದು. ಇದನ್ನು ತಿಳಿದವರಿಗೆ ಅರ್ಧ ಕಳವಳ ಇಳಿಯುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ದೆಹಲಿ ಮತ್ತು ಪ್ರಯಾಗ್‌ರಾಜ್‌ನ ಅಕಾಡೆಮಿಗಳ ಜೊತೆ ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಸುಮಾರು ಎರಡು ತಿಂಗಳಿನದು. ಅಲ್ಲಿ ತರಗತಿ ಇರುವುದಿಲ್ಲ, ಒಬ್ಬ ವಿಜ್ಞಾನಿಯ ಕೈಕೆಳಗೆ ಕೆಲಸ ಮಾಡಬೇಕು. ಖಗೋಳದ ಆಸಕ್ತಿ ಇರುವವರನ್ನು ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾ ಬೇಸಿಗೆಯಲ್ಲಿ ಕರೆಯುತ್ತದೆ. ಕೋಡಿಬಾಗದ ಸಾಗರ ಜೀವವಿಜ್ಞಾನ ವಿಭಾಗದಲ್ಲಿ ಓದುವವರು ಇನ್ನೊಂದನ್ನು ಗಮನಿಸಬೇಕು. ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಸಂಸ್ಥೆಗಳು 'ಸಮ್ಮರ್ ಸ್ಕೂಲ್' ಎಂಬ ಹೆಸರಿನಲ್ಲೇ ನಡೆಸುವ ತರಬೇತಿಗಳು ಅಧ್ಯಾಪಕರಿಗೂ ವಿಜ್ಞಾನಿಗಳಿಗೂ ಮೀಸಲು. ಹೆಸರು ನೋಡಿ ಆಸೆ ಪಡುವ ಮೊದಲು ಅರ್ಹತೆಯ ಸಾಲು ಓದಿ.

ಇವಲ್ಲದೆ ದುಡ್ಡು ಕಟ್ಟಿದವರಿಗೆಲ್ಲ ಸೀಟು ಕೊಟ್ಟು ಕೊನೆಗೆ ಹೊಳೆಯುವ ಪ್ರಮಾಣಪತ್ರ ಕೈಗಿಡುವ ಶಿಬಿರಗಳೂ ಇವೆ. ಕಲಿಸುವವರು ಯಾರು, ದಿನಕ್ಕೆ ಎಷ್ಟು ತರಗತಿ, ಆಯ್ಕೆ ಯಾವ ಆಧಾರದ ಮೇಲೆ, ಶುಲ್ಕ ಎಷ್ಟು ಎಂಬ ನಾಲ್ಕು ಪ್ರಶ್ನೆ ಕೇಳಿ. ಕಲಿಸುವವರ ಹೆಸರೇ ಪ್ರಕಟವಾಗಿಲ್ಲದಿದ್ದರೆ ಪರೀಕ್ಷೆಯ ಎದುರು ಅಂಥ ಕಡೆ ಒಂದು ದಿನವನ್ನೂ ಕಳೆಯಬೇಡಿ. ನಿಮ್ಮದು ಎರಡು ತಿಂಗಳ ಸಂಶೋಧನಾ ಫೆಲೋಶಿಪ್ ಆಗಿದ್ದು ಪರೀಕ್ಷೆ ಆ ಎರಡು ತಿಂಗಳ ಒಳಗೇ ಬೀಳುವಂತಿದ್ದರೆ ಲೆಕ್ಕ ಅಲ್ಲಿಗೇ ಮುಗಿಯಿತು, ಬಿಡಬೇಕು. ಮುಂದಿನ ಮಾತುಗಳು ಎರಡರಿಂದ ನಾಲ್ಕು ವಾರದ ನಿಜವಾದ ಶಾಲೆಗಳಿಗೆ ಸಂಬಂಧಿಸಿದವು.

ಮೊದಲ ಪತ್ರಿಕೆಗೂ ಮೊದಲು ಬರುವ ದಿನಾಂಕಗಳು

ನಮ್ಮ ಜಿಲ್ಲೆಯ ಪದವಿ ಕಾಲೇಜುಗಳು ಹೆಚ್ಚಿನವು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನವರಿಗೆ ಬೆಳಗಾವಿಯ ವಿಟಿಯು ವೇಳಾಪಟ್ಟಿ. ಕೋವಿಡ್ ನಂತರ ಸೆಮಿಸ್ಟರುಗಳು ಹಿಂದೆ ಮುಂದೆ ಸರಿದಿವೆ. ಅಣ್ಣ ಅಥವಾ ಅಕ್ಕ ಓದುವಾಗ ಪರೀಕ್ಷೆ ಯಾವ ತಿಂಗಳಲ್ಲಿತ್ತು ಎಂಬುದನ್ನು ಆಧಾರ ಮಾಡಿಕೊಳ್ಳಬೇಡಿ. ವಿಶ್ವವಿದ್ಯಾಲಯದ ಈ ವರ್ಷದ ಶೈಕ್ಷಣಿಕ ವೇಳಾಪಟ್ಟಿಯನ್ನು ಕಾಲೇಜಿನ ಕಚೇರಿಯಲ್ಲಿ ಕೇಳಿ, ಪ್ರತಿ ತೆಗೆದುಕೊಳ್ಳಿ. ಪರೀಕ್ಷೆಯ ಕರಡು ವೇಳಾಪಟ್ಟಿ ಬಂದಿದ್ದರೆ ಅದನ್ನೂ ತೆಗೆದುಕೊಳ್ಳಿ, ಆದರೆ ಕರಡು ಬದಲಾಗುತ್ತದೆ ಎಂಬುದು ನೆನಪಿರಲಿ.

ವಿದ್ಯಾರ್ಥಿಗಳು ಎಡವುವುದು ಇಲ್ಲಿ. ಪರೀಕ್ಷೆ ಯಾವಾಗ ಎಂದರೆ ಮೊದಲ ಲಿಖಿತ ಪತ್ರಿಕೆಯ ದಿನ ಹೇಳುತ್ತಾರೆ. ವಿಜ್ಞಾನದವರಿಗೆ ಅದಕ್ಕೂ ಮೊದಲು ಪ್ರಾಯೋಗಿಕ ಪರೀಕ್ಷೆ ಬರುತ್ತದೆ. ಅದಕ್ಕೂ ಮೊದಲು ಜರ್ನಲ್ ಪೂರ್ತಿ ಬರೆದು ಸಹಿ ಹಾಕಿಸಬೇಕು. ಪ್ರಾಜೆಕ್ಟ್ ವರದಿ ಇದ್ದರೆ ಅದನ್ನು ಬೈಂಡ್ ಮಾಡಿಸಿ ಕೊಡುವ ದಿನ, ವೈವಾದ ದಿನ ಬೇರೆ. ಆಂತರಿಕ ಕಿರುಪರೀಕ್ಷೆಯೂ ಇದೇ ಹೊತ್ತಿನಲ್ಲಿ ಬೀಳಬಹುದು. ಪರೀಕ್ಷಾ ಅರ್ಜಿಯನ್ನು ಈಗ ಯುಯುಸಿಎಂಎಸ್ ಜಾಲತಾಣದಲ್ಲಿ ತುಂಬಿ ಶುಲ್ಕ ಕಟ್ಟಬೇಕಾಗಿರುವುದರಿಂದ ಅದರ ಕೊನೆಯ ದಿನವನ್ನೂ ಬರೆದುಕೊಳ್ಳಿ. ಇಷ್ಟು ದಿನಾಂಕಗಳಲ್ಲಿ ಒಂದೇ ಒಂದು ಶಾಲೆಯ ನಡುವೆ ಬಿದ್ದರೂ ಮೊದಲು ಅದಕ್ಕೆ ಪರಿಹಾರ ಬೇಕು. ಪ್ರಾಯೋಗಿಕ ಪರೀಕ್ಷೆಯೇ ನಡುವೆ ಬಿದ್ದರೆ ಪರಿಹಾರ ಇಲ್ಲ.

ತರಗತಿಗಳು ಇನ್ನೂ ನಡೆಯುತ್ತಿರುವಾಗ ಶಾಲೆ ಶುರುವಾಗುವಂತಿದ್ದರೆ ಹಾಜರಾತಿಯ ಪ್ರಶ್ನೆಯೂ ಬರುತ್ತದೆ. ಶೇಕಡಾ 75 ಎಂಬ ಮಿತಿಯ ಹತ್ತಿರ ಇರುವವರು ನಾಲ್ಕು ವಾರ ಹೋದರೆ ಹಾಲ್ ಟಿಕೆಟ್ಟಿಗೇ ಕುತ್ತು. ವಿಭಾಗದ ಮುಖ್ಯಸ್ಥರು "ಪರವಾಗಿಲ್ಲ, ನೋಡೋಣ" ಎಂದರೆ ಸಾಲದು. ಪ್ರಾಚಾರ್ಯರಿಗೆ ಅರ್ಜಿ ಕೊಟ್ಟು, ಆಯ್ಕೆ ಪತ್ರದ ಪ್ರತಿ ಲಗತ್ತಿಸಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಒಳ್ಳೆಯ ಮನಸ್ಸಿನಿಂದ ಕೊಟ್ಟ ಬಾಯಿಮಾತು ಹಾಜರಾತಿ ಪಟ್ಟಿ ಧಾರವಾಡಕ್ಕೆ ಹೋಗುವ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ

ನಮ್ಮ ಕಡೆ ಪ್ರತಿ ಮನೆಯ ಗೋಡೆಯಲ್ಲೂ ಸಹಕಾರಿ ಸಂಘದವರು ಕೊಟ್ಟ ಕ್ಯಾಲೆಂಡರ್ ಇರುತ್ತದೆ. ತಿಥಿ, ನಕ್ಷತ್ರ, ಏಕಾದಶಿ ಎಲ್ಲ ಇರುವ ಅದೇ ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿ ಮೇಜಿನ ಮೇಲಿಡಿ. ಮೊಬೈಲಿನಲ್ಲಿ ಈ ಕೆಲಸ ಬೇಡ. ಮೂರು ತಿಂಗಳನ್ನು ಒಟ್ಟಿಗೆ ಕಣ್ಣೆದುರು ಹರಡಿಕೊಳ್ಳಬೇಕು. ಮೊದಲ ಪತ್ರಿಕೆಯ ದಿನಕ್ಕೆ ಕೆಂಪು ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಎಣಿಸಿ.

ಒಂದು ಉದಾಹರಣೆ ಹಾಕೋಣ. ಶಾಲೆ ಜೂನ್ 6ಕ್ಕೆ ಮುಗಿಯುತ್ತದೆ. 7ರ ರಾತ್ರಿ ಮನೆ ತಲುಪುತ್ತೀರಿ. 8 ಮತ್ತು 9 ಓದಿನ ದಿನಗಳಲ್ಲ. ದಣಿವು, ಬಟ್ಟೆ ಒಗೆಯುವುದು, ಕಾಲೇಜಿಗೆ ಹೋಗಿ ಬಾಕಿ ಸಹಿ ಹಾಕಿಸುವುದು, ಅಲ್ಲಿ ಏನೇನಾಯಿತು ಎಂದು ಆಯಿಗೂ ಅಪ್ಪನಿಗೂ ಹೇಳುವುದು. 10ರಿಂದ ಓದು ಎಂದಿಟ್ಟುಕೊಳ್ಳಿ. ಮೊದಲ ಪತ್ರಿಕೆ 22ಕ್ಕೆ. ಕೈಯಲ್ಲಿರುವುದು 12 ದಿನ. ಆರು ಪತ್ರಿಕೆಗಳಿದ್ದರೆ ತಲಾ ಎರಡು ದಿನ.

ಸಾಕೇ? ಇಷ್ಟು ವರ್ಷ ಮಕ್ಕಳನ್ನು ನೋಡಿ ನಾನು ಇಟ್ಟುಕೊಂಡ ಅಳತೆ ಹೀಗಿದೆ. ತಕ್ಕಮಟ್ಟಿಗೆ ಓದಿಟ್ಟ ಪತ್ರಿಕೆಯನ್ನು ಮತ್ತೆ ತಿರುವಿ ಹಾಕಿ ಬರೆದು ನೋಡಲು ಮೂರು ದಿನ ಬೇಕು, ದುರ್ಬಲ ಪತ್ರಿಕೆಗೆ ಐದು ದಿನ. ಆರರಲ್ಲಿ ಎರಡು ದುರ್ಬಲವಾಗಿದ್ದರೆ ನಾಲ್ಕು ಮೂರಲೆ ಹನ್ನೆರಡು, ಎರಡು ಐದಲೆ ಹತ್ತು, ಒಟ್ಟು 22 ದಿನ. ಇರುವುದು 12. ಕೊರತೆ ಹತ್ತು ದಿನ. ಪತ್ರಿಕೆಗಳ ನಡುವೆ ಸಿಗುವ ಬಿಡುವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಅದು ಆಯಾ ಪತ್ರಿಕೆಯ ಹಿಂದಿನ ದಿನದ ಓದಿಗೆ ಹೋಗುತ್ತದೆ.

ಹತ್ತು ದಿನದ ಕೊರತೆ ಎಂದ ಕೂಡಲೇ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಶಾಲೆ ಶುರುವಾಗುವ ಮೊದಲು ಏಪ್ರಿಲಿನಲ್ಲಿ ಆ ಹತ್ತು ದಿನ ಸಿಗುತ್ತದೆಯೇ ನೋಡಿ. ಸಿಗುವುದಾದರೆ ಯಾವ ದಿನಗಳು ಎಂದು ಅದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಕ್ಕನ ಮದುವೆ, ಊರಿನ ಬಂಡಿ ಹಬ್ಬ, ಮನೆಯ ಸತ್ಯನಾರಾಯಣ ಕಥೆ ಇದ್ದ ದಿನಗಳನ್ನು ಮೊದಲೇ ಹೊಡೆದು ಹಾಕಿ. ಹೊಡೆದು ಹಾಕಿದ ಮೇಲೂ ಹತ್ತು ಉಳಿದರೆ ದಾರಿ ಇದೆ.

ನಮ್ಮ ಜಿಲ್ಲೆಯವರು ಇದರ ಮೇಲೆ ಇನ್ನೊಂದು ಲೆಕ್ಕ ಹಾಕಲೇಬೇಕು, ಅದು ಮಳೆಯದು. ಜೂನ್ ಹಿಡಿದ ಮೇಲೆ ಕೊಂಕಣ ರೈಲ್ವೆಯಲ್ಲಿ ಮಳೆಗಾಲದ ವೇಳಾಪಟ್ಟಿ ಜಾರಿಗೆ ಬರುತ್ತದೆ, ರೈಲುಗಳ ವೇಗ ಇಳಿಯುತ್ತದೆ, ಹೊರಡುವ ಸಮಯಗಳು ಬದಲಾಗುತ್ತವೆ. ಘಟ್ಟದ ರಸ್ತೆಗಳ ಪಾಡು ನಮಗೆಲ್ಲ ಗೊತ್ತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು, ರಾಷ್ಟ್ರೀಯ ಹೆದ್ದಾರಿ 66 ಹಲವು ದಿನ ಮುಚ್ಚಿತ್ತು. ಮರು ತಿಂಗಳೇ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿದು ಪರೀಕ್ಷೆಗೆ ಬರುವವರು, ಕಾರವಾರದಿಂದ ಅಂಕೋಲಾಕ್ಕೆ ದಿನಾ ಓಡಾಡುವವರು ಇದನ್ನು ಮರೆಯುವ ಹಾಗಿಲ್ಲ. ಹಿಂತಿರುಗುವ ದಿನ ಜೂನ್ ಎರಡನೆಯ ವಾರ ದಾಟಿದ್ದರೆ ನಿಮ್ಮ ಲೆಕ್ಕದಿಂದ ಇನ್ನೆರಡು ದಿನ ಕಳೆಯಿರಿ. ಗುಡುಗು ಮಳೆಗೆ ಕರೆಂಟು ಹೋಗಿ ಸಂಜೆಯ ಓದು ತಪ್ಪುವ ದಿನಗಳೂ ಅದರಲ್ಲೇ ಬಂದವು.

ಒಂದು ಹಳೆಯ ಪ್ರಶ್ನೆಪತ್ರಿಕೆ ಬರೆದು ನೋಡಿ

ದುರ್ಬಲ ಪತ್ರಿಕೆ ಯಾವುದು, ಎಷ್ಟು ದುರ್ಬಲ ಎಂದು ತಿಳಿಯುವುದು ಹೇಗೆ? ಕೇಳಿದರೆ ಎಲ್ಲರೂ "ಸುಮಾರಾಗಿ ಆಗಿದೆ ಮೇಡಂ" ಎನ್ನುತ್ತಾರೆ. ಅವರು ಸುಳ್ಳು ಹೇಳುವುದಿಲ್ಲ, ಅವರಿಗೇ ಗೊತ್ತಿರುವುದಿಲ್ಲ. ಗೊತ್ತಾಗುವ ದಾರಿ ಒಂದೇ. ಶಾಲೆಗೆ ಉತ್ತರ ಬರೆಯುವ ಮೊದಲು, ಈ ವಾರದಲ್ಲೇ, ನಿಮಗೆ ಅತಿ ಭಯ ಇರುವ ವಿಷಯದ ಹಿಂದಿನ ವರ್ಷದ ಪ್ರಶ್ನೆಪತ್ರಿಕೆಯೊಂದನ್ನು ಪುಸ್ತಕ ಮುಚ್ಚಿಟ್ಟು ಪೂರ್ತಿ ಬರೆಯಿರಿ. ಗ್ರಂಥಾಲಯದಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಇರುತ್ತದೆ, ಇಲ್ಲದಿದ್ದರೆ ಹಿಂದಿನ ತಂಡದವರ ಬಳಿ ಸಿಗುತ್ತದೆ. ನಿಮ್ಮದೇ ಪಠ್ಯಕ್ರಮದ್ದು ಹೌದೋ ಅಲ್ಲವೋ ನೋಡಿಕೊಳ್ಳಿ. ಪರೀಕ್ಷೆ ಎಷ್ಟು ಗಂಟೆಯದೋ ಅಷ್ಟೇ ಹೊತ್ತು, ಅದೇ ವೇಳೆಗೆ.

ಹೋದ ವರ್ಷ ಒಬ್ಬ ಹುಡುಗನಿಗೆ ಹೀಗೆ ಬರೆಯಲು ಹೇಳಿದ್ದೆ. ಹೊನ್ನಾವರದ ಈಚೆಯ ಊರಿನವನು. ಮನೆಯಲ್ಲಿ ಹಲಸಿನ ಹಪ್ಪಳದ ಕೆಲಸ ನಡೆದಿತ್ತಂತೆ. ಅಂಗಳದ ತುಂಬ ಚಾಪೆ ಹಾಸಿ ಹಪ್ಪಳ ಒಣಗಿಸಿದ್ದರು. ಇವನು ಜಗಲಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತು ಬರೆದ. ಮರುದಿನ ಉತ್ತರದ ಹಾಳೆಗಳನ್ನು ತಂದು ಕೊಟ್ಟಾಗ ಒಂದರ ಅಂಚಿನಲ್ಲಿ ಹಪ್ಪಳದ ಹಿಟ್ಟಿನ ಬೆರಳಚ್ಚು ಇತ್ತು. ಆಯಿ ನಡುವೆ ಕರೆದು ಕಾಗೆ ಓಡಿಸಲು ಹೇಳಿದ್ದರಂತೆ, ಎದ್ದು ಹೋದ ಸಮಯವನ್ನೂ ಅವನು ಅಂಚಿನಲ್ಲಿ ಬರೆದಿದ್ದ. ಮೊದಲ ಎರಡು ಹಾಳೆ ಅಚ್ಚುಕಟ್ಟು. ಚಿಕ್ಕ ಪ್ರಶ್ನೆಗಳೆಲ್ಲ ಸರಿ. ಮೂರನೆಯ ಹಾಳೆಯಲ್ಲಿ ರೀಮನ್ ಇಂಟಿಗ್ರೇಷನ್ ಪ್ರಮೇಯ. ಹೇಳಿಕೆ ಒಂದಕ್ಷರ ತಪ್ಪಿಲ್ಲ. ಮೇಲಿನ ಮೊತ್ತ, ಕೆಳಗಿನ ಮೊತ್ತ ಎರಡನ್ನೂ ಬರೆದಿದ್ದ. ಅವುಗಳ ವ್ಯತ್ಯಾಸವನ್ನು ಬೇಕಾದಷ್ಟು ಚಿಕ್ಕದು ಮಾಡಬಹುದು ಎಂದು ತೋರಿಸಬೇಕಾದ ಸಾಲಿನಲ್ಲಿ ಪೆನ್ನು ನಿಂತಿತ್ತು. ಅದೇ ಸಾಲನ್ನು ಮೂರು ಸಲ ಶುರು ಮಾಡಿ ಹೊಡೆದು ಹಾಕಿದ್ದ. ಆಮೇಲಿನ ದೊಡ್ಡ ಪ್ರಶ್ನೆಗಳಲ್ಲಿ ಎರಡರಲ್ಲಿ ಅದೇ ಜಾಗ, ಅದೇ ತಡೆ.

ಆ ಹಾಳೆ ನೋಡಿ ನನಗೂ ಅವನಿಗೂ ಒಂದೇ ಸಲಕ್ಕೆ ತಿಳಿಯಿತು. ಅವನು ವಿಷಯ ಓದಿದ್ದಾನೆ, ಬರೆದು ನೋಡಿಲ್ಲ. ಸಿದ್ಧತೆಯೇ ಇಲ್ಲದವನಿಗೂ ಇವನಿಗೂ ಬಹಳ ವ್ಯತ್ಯಾಸವಿದೆ. ಬರೆದು ತಾಲೀಮು ಮಾಡಲು ಅವನಿಗೆ ಏಪ್ರಿಲಿನಲ್ಲಿ ಹನ್ನೊಂದು ದಿನ ಸಿಕ್ಕಿತು. ಅವನು ಹೋದ, ಬಂದು ಪರೀಕ್ಷೆಯನ್ನೂ ಚೆನ್ನಾಗಿಯೇ ಬರೆದ.

ಉತ್ತರ ಪತ್ರಿಕೆಯನ್ನು ಗೆಳೆಯರ ಕೈಗೆ ಕೊಡಬೇಡಿ. ಆ ವಿಷಯ ಕಲಿಸುವವರ ಕೈಗೇ ಕೊಟ್ಟು "ಅಂಕ ಹಾಕಿ ಕೊಡಿ" ಎಂದು ಕೇಳಿ. ಕೇಳಲು ಸಂಕೋಚ ಬೇಡ, ಇಂಥ ಕೆಲಸಕ್ಕೆ ಇಲ್ಲವೆನ್ನುವ ಅಧ್ಯಾಪಕರನ್ನು ನಾನು ಕಂಡಿಲ್ಲ. ಶೇಕಡಾ ಅರವತ್ತರ ಮೇಲೆ ಬಂದರೆ, ಕ್ಯಾಲೆಂಡರಿನ ಲೆಕ್ಕವೂ ಕೂಡಿ ಬಂದರೆ, ಹೋಗಿ. ನಲವತ್ತರಿಂದ ಅರವತ್ತರ ನಡುವೆ ಬಂದರೆ ಹೋಗುವ ಮೊದಲಿನ ದಿನಗಳು ನಿಮ್ಮ ಕೈಯಲ್ಲಿ ನಿಜವಾಗಿಯೂ ಇವೆಯೇ ಎಂಬುದನ್ನು ನೋಡಿ ತೀರ್ಮಾನಿಸಿ. ನಲವತ್ತಕ್ಕಿಂತ ಕೆಳಗೆ ಬಂದರೆ ಈ ವರ್ಷ ಬಿಡಿ. ಹಿಂದಿನ ಸೆಮಿಸ್ಟರಿನ ವಿಷಯ ಬಾಕಿ ಇರುವವರೂ ಬಿಡಿ. ಕೊನೆಯ ಸೆಮಿಸ್ಟರಿನಲ್ಲಿ ಒಂದು ಪತ್ರಿಕೆ ಉಳಿದರೆ ಸ್ನಾತಕೋತ್ತರ ಪ್ರವೇಶವೋ ಬಿ.ಎಡ್. ಪ್ರವೇಶವೋ ಸಾಮಾನ್ಯವಾಗಿ ಒಂದು ವರ್ಷ ಮುಂದೆ ಹೋಗುತ್ತದೆ. ಆ ಒಂದು ವರ್ಷದ ಬೆಲೆ ಸಿದ್ದಾಪುರದ ಆ ಅಪ್ಪನ ಮುಖ ನೋಡಿದ ನನಗೆ ಗೊತ್ತು.

"ಅಲ್ಲಿ ಓದುವುದೂ ಓದೇ ಅಲ್ಲವೇ?"

ಇದು ನನಗೆ ಹೆಚ್ಚು ಸಲ ಕೇಳಿಬರುವ ವಾದ. ಅಲ್ಲಿಯೂ ಲೀನಿಯರ್ ಆಲ್ಜೀಬ್ರಾ, ಇಲ್ಲಿಯೂ ಲೀನಿಯರ್ ಆಲ್ಜೀಬ್ರಾ, ಹೀಗಿರುವಾಗ ನಷ್ಟವೇನು? ವಿಷಯ ಒಂದೇ ಇರಬಹುದು, ಕೆಲಸ ಬೇರೆ. ಒಳ್ಳೆಯ ಬೇಸಿಗೆ ಶಾಲೆಯಲ್ಲಿ ಒಂದು ವ್ಯಾಖ್ಯೆಯ ಮೇಲೆ ಇಡೀ ಬೆಳಗು ಕಳೆಯುತ್ತಾರೆ. ನಿಮ್ಮನ್ನೇ ಬೋರ್ಡಿನ ಹತ್ತಿರ ಕರೆದು "ಏಕೆ? ಈ ಷರತ್ತು ತೆಗೆದರೆ ಏನಾಗುತ್ತದೆ?" ಎಂದು ಕೇಳುತ್ತಾರೆ. ಒಂದೇ ಲೆಕ್ಕದೊಡನೆ ಮೂರು ದಿನ ಒದ್ದಾಡಲು ಬಿಡುತ್ತಾರೆ. ಇದು ಜೀವಮಾನದ ಕಲಿಕೆ. ವಿಶ್ವವಿದ್ಯಾಲಯದ ಪರೀಕ್ಷೆಗೆ ಬೇಕಾದದ್ದು ಗೊತ್ತಿರುವುದನ್ನು ಕೊಟ್ಟ ವೇಳೆಯೊಳಗೆ, ಹಂತ ಬಿಡದೆ ಬರೆಯುವ ಕೈ. ನಾಲ್ಕು ವಾರ ಯೋಚನೆಯ ಗುಂಗಿನಲ್ಲಿದ್ದು ಬಂದವರಿಗೆ ಆ ಕೈ ಮತ್ತೆ ಹಿಡಿತಕ್ಕೆ ಬರಲು ವಾರ ಹಿಡಿಯುತ್ತದೆ. ಬರುವುದಿಲ್ಲ ಎಂದಲ್ಲ. ಆ ವಾರವನ್ನು ಮೊದಲೇ ಎಣಿಸಿಟ್ಟುಕೊಳ್ಳಬೇಕು.

ಇನ್ನೊಂದು ಕಡೆಯಿಂದಲೂ ನೋಡಬೇಕು. ಮುಂದೆ ಎಂ.ಎಸ್ಸಿ., ಸಂಶೋಧನೆ ಎಂದು ಮನಸ್ಸು ಗಟ್ಟಿಯಾಗಿರುವವರಿಗೆ ಈ ನಾಲ್ಕು ವಾರದ ಫಲ ಒಂದು ಸೆಮಿಸ್ಟರಿನ ಅಂಕಕ್ಕಿಂತ ದೂರ ಹೋಗುತ್ತದೆ. ಅವರಿಗೆ ನಾನು ಎರಡು ಮೂರು ಶೇಕಡಾ ಅಂಕ ಹೋದರೂ ಹೋಗಲಿ, ಹೋಗಿ ಬನ್ನಿ ಎನ್ನುತ್ತೇನೆ. ಅಂಕ ಕಡಿಮೆಯಾಗುವುದು ಬೇರೆ, ಪತ್ರಿಕೆ ಉಳಿಯುವುದು ಬೇರೆ. ಈ ಎರಡನ್ನೂ ಒಂದೇ ಎಂದು ಹೆದರಿ ಅವಕಾಶ ಬಿಟ್ಟವರನ್ನೂ ನೋಡಿದ್ದೇನೆ, ಬೇರೆ ಬೇರೆ ಎಂದು ತಿಳಿಯದೆ ಹೋಗಿ ಸೋತವರನ್ನೂ ನೋಡಿದ್ದೇನೆ. ಬ್ಯಾಂಕ್ ಪರೀಕ್ಷೆಗೋ ಕೆಪಿಎಸ್‌ಸಿಗೋ ತಯಾರಾಗುವವರು, ಪದವಿ ಮುಗಿಸಿ ತೋಟ ನೋಡಿಕೊಳ್ಳುವವರು ಹೋಗಬಾರದೆಂದಿಲ್ಲ. ಆದರೆ ಅವರು ಪರೀಕ್ಷೆಗೆ ಹೆಚ್ಚು ತೂಕ ಕೊಡಬೇಕು.

ಮನೆಯಲ್ಲಿ ಮಾತು

ಮನೆಯವರಿಗೆ ಎಲ್ಲ ತೀರ್ಮಾನವಾದ ಮೇಲೆ ಹೇಳುವುದು ಬೇಡ. ಆ ಕ್ಯಾಲೆಂಡರನ್ನು ಅವರ ಎದುರೇ ಹರಡಿ. ಅಪ್ಪನ ಚಿಂತೆ ದುಡ್ಡಿನದೋ, ದೂರದ್ದೋ, ಪರೀಕ್ಷೆಯದೋ ಎಂದು ಕೇಳಿ. ಮೂರಕ್ಕೂ ಉತ್ತರ ಬೇರೆ ಬೇರೆ. ಹೆಣ್ಣುಮಕ್ಕಳ ಮನೆಯಲ್ಲಿ "ಒಬ್ಬಳೇ ಹೇಗೆ?" ಎಂಬ ಮಾತು ಬಂದೇ ಬರುತ್ತದೆ. ವಸತಿ ಎಲ್ಲಿ, ಹುಡುಗಿಯರ ಹಾಸ್ಟೆಲ್ಲಿನ ಮೇಲ್ವಿಚಾರಕರು ಯಾರು ಎಂಬುದನ್ನು ಸಂಯೋಜಕರಿಂದ ಬರವಣಿಗೆಯಲ್ಲಿ ತರಿಸಿ. ಅಪ್ಪನೋ ಆಯಿಯೋ ಒಮ್ಮೆ ಅವರ ಜೊತೆ ಫೋನಿನಲ್ಲಿ ಮಾತನಾಡಲಿ. ನಾನು ಎಷ್ಟೋ ಸಲ ನನ್ನ ಫೋನಿನಿಂದಲೇ ಮಾತನಾಡಿಸಿದ್ದೇನೆ, ಹತ್ತು ನಿಮಿಷದಲ್ಲಿ ಮನೆಯ ಗಾಳಿಯೇ ಬದಲಾಗುತ್ತದೆ.

ಟಿಕೆಟ್ ಮತ್ತು ದುಡ್ಡಿನ ವಿಷಯ ಚಿಕ್ಕದು. ಊಟ ವಸತಿ ಅವರೇ ಕೊಡುತ್ತಾರೆಯೇ, ಪ್ರಯಾಣದ ಖರ್ಚು ಮರಳಿ ಬರುತ್ತದೆಯೇ ಎಂದು ಕೇಳಿಕೊಳ್ಳಿ. ಬರುವುದಾದರೂ ಮೊದಲು ಕೈಯಿಂದ ಹಾಕಬೇಕು, ಮೂಲ ಟಿಕೆಟ್ ಜೋಪಾನ. ರೈಲು ಟಿಕೆಟ್ ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ. ಮೇ ತಿಂಗಳಲ್ಲಿ ಮದುವೆ, ರಜೆ ಎಂದು ಕಾರವಾರ–ಬೆಂಗಳೂರು ಪಂಚಗಂಗಾ ತುಂಬಿರುತ್ತದೆ. ಉತ್ತರ ಕೊಟ್ಟ ದಿನವೇ ಹೋಗುವ, ಬರುವ ಎರಡೂ ಟಿಕೆಟ್ ಮಾಡಿಸಿ. ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಊರಿನಲ್ಲಿ ರೈಲಿಲ್ಲ, ಹಾವೇರಿಗೋ ಹುಬ್ಬಳ್ಳಿಗೋ ತಾಳಗುಪ್ಪಕ್ಕೋ ಬಸ್ಸಿನಲ್ಲಿ ಹೋಗಬೇಕು. ರಾಜ್ಯದ ಒಳಗೆ ಸಾಮಾನ್ಯ ಮತ್ತು ವೇಗದೂತ ಸಾರಿಗೆ ಬಸ್ಸುಗಳಲ್ಲಿ ವಿದ್ಯಾರ್ಥಿನಿಯರಿಗೆ ಶಕ್ತಿ ಯೋಜನೆಯಿಂದ ಪ್ರಯಾಣ ಉಚಿತ, ಆಧಾರ್ ಕಾರ್ಡ್ ಜೊತೆಗಿರಲಿ.

ಹೋಗುವುದಾದರೆ

ಹೊರಡುವ ಮೊದಲು ಜರ್ನಲ್ ಸಹಿ, ಪ್ರಾಜೆಕ್ಟ್ ವರದಿ, ಪರೀಕ್ಷಾ ಅರ್ಜಿ ಮೂರೂ ಮುಗಿದಿರಲಿ. ಅರ್ಜಿ ಇನ್ನೂ ತೆರೆದಿರದಿದ್ದರೆ ಕಾಲೇಜಿನಿಂದ ದಿನಾ ಸುದ್ದಿ ತಿಳಿಸುವ ಒಬ್ಬ ಸಹಪಾಠಿಯನ್ನು ಗೊತ್ತು ಮಾಡಿಕೊಂಡು ಹೋಗಿ. ಬದಲಾದ ವೇಳಾಪಟ್ಟಿಯ ಫೋಟೊ ಅದೇ ಸಂಜೆ ನಿಮಗೆ ತಲುಪಬೇಕು.

ಎಲ್ಲ ಪುಸ್ತಕ ಹೊತ್ತುಕೊಂಡು ಹೋಗಬೇಡಿ. ಹೊತ್ತವರು ಯಾರೂ ಬಿಚ್ಚಿಲ್ಲ. ದುರ್ಬಲ ವಿಷಯದ ಒಂದು ನೋಟ್‌ಬುಕ್ ಸಾಕು. ಬೆಳಗಿನ ತಿಂಡಿಗೆ ಮೊದಲು ಮುಕ್ಕಾಲು ಗಂಟೆ ಒಂದು ಪ್ರಮೇಯವನ್ನೋ ಒಂದು ಲೆಕ್ಕವನ್ನೋ ಬರೆಯಿರಿ. ಸಂಜೆ ಓದುತ್ತೇನೆ ಎಂದುಕೊಂಡರೆ ಆಗುವುದಿಲ್ಲ, ಸಂಜೆ ಅಲ್ಲಿನ ಲೆಕ್ಕಗಳಿಗೂ ಗೆಳೆಯರ ಜೊತೆಗಿನ ಚರ್ಚೆಗೂ ಬೇಕು, ಮತ್ತು ಆ ಚರ್ಚೆಗಾಗಿಯೇ ನೀವು ಹೋಗಿರುವುದು. ನಡುವೆ ಎರಡು ದಿನ ಊರಿಗೆ ಬಂದು ಹೋಗುತ್ತೇನೆ, ಕೊನೆಯ ವಾರ ಬಿಟ್ಟು ಬರುತ್ತೇನೆ ಎಂಬ ಯೋಚನೆ ಇದ್ದರೆ ಒಪ್ಪಿಕೊಳ್ಳುವ ಮೊದಲೇ ಸಂಯೋಜಕರನ್ನು ಕೇಳಿ. ಹೆಚ್ಚಿನ ಕಡೆ ಪೂರ್ತಿ ಹಾಜರಿ ಬೇಕೆನ್ನುತ್ತಾರೆ. ಹೇಳದೆ ಬಂದುಬಿಟ್ಟರೆ ನಮ್ಮ ಕಾಲೇಜಿನಿಂದ ಮುಂದಿನ ವರ್ಷ ಅರ್ಜಿ ಹಾಕುವವರಿಗೆ ಅದು ಅಡ್ಡವಾಗುತ್ತದೆ.

ಬಿಡುವುದಾದರೆ

ಬಿಟ್ಟವರ ಬೇಸರ ದೊಡ್ಡದು. ಅದನ್ನು ಹಗುರ ಮಾಡಿ ಮಾತನಾಡಲು ನನಗೆ ಮನಸ್ಸಿಲ್ಲ. ಪರೀಕ್ಷೆ ಮುಗಿದ ವಾರದಲ್ಲೇ ಮಾಡಲು ಒಂದು ಕೆಲಸ ಇಟ್ಟುಕೊಳ್ಳಿ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟೆಲ್ ಪಾಠಗಳು ಉಚಿತವಾಗಿ ಸಿಗುತ್ತವೆ. ಬೆಂಗಳೂರಿನ ಹೆಸರಘಟ್ಟದ ಬಳಿ ಇರುವ ಸಂಶೋಧನಾ ಕೇಂದ್ರ ಐಸಿಟಿಎಸ್ ತನ್ನ ಶಾಲೆಗಳ ಉಪನ್ಯಾಸಗಳನ್ನು ಯೂಟ್ಯೂಬಿಗೆ ಹಾಕುತ್ತದೆ. ನಿಮಗೆ ಪತ್ರ ಬಂದಿದ್ದ ಶಾಲೆಯ ಪಠ್ಯಪಟ್ಟಿಯನ್ನೇ ಎದುರಿಟ್ಟುಕೊಂಡು ಜುಲೈಯಲ್ಲಿ ಒಂದು ವಿಷಯವನ್ನಾದರೂ ಮುಗಿಸಿ. ಎಂ.ಎಸ್ಸಿ. ಮೊದಲ ವರ್ಷದಲ್ಲಿ ಮತ್ತೆ ಅರ್ಜಿ ಹಾಕುವಾಗ ಅದನ್ನು ಧೈರ್ಯವಾಗಿ ಬರೆಯಬಹುದು. ಸಿದ್ದಾಪುರದ ಆ ಹುಡುಗಿ ಉಳಿದ ವಿಷಯವನ್ನು ಪಾಸು ಮಾಡಿಕೊಂಡು ಮರುವರ್ಷ ಎಂ.ಎಸ್ಸಿ. ಸೇರಿದಳು, ಮುಂದಿನ ಹಂತದ ಶಾಲೆಗೂ ಹೋಗಿ ಬಂದಳು.

ಬಿಡುವ ನಿರ್ಧಾರವನ್ನು ಕೊನೆಯ ದಿನದವರೆಗೆ ಎಳೆಯಬೇಡಿ. ನಿಮ್ಮ ಹೆಸರಿನ ಕೆಳಗೆ ಕಾಯುವವರ ಪಟ್ಟಿಯಲ್ಲಿ ಇನ್ನೊಬ್ಬ ವಿದ್ಯಾರ್ಥಿ ಇರುತ್ತಾನೆ, ಅವನಿಗೂ ಟಿಕೆಟ್ ಮಾಡಿಸಬೇಕು, ಮನೆಯಲ್ಲಿ ಕೇಳಬೇಕು. ಪತ್ರ ಉದ್ದ ಬೇಡ, ನಾಲ್ಕು ಸಾಲು ಸಾಕು. ಆಯ್ಕೆ ಮಾಡಿದ್ದಕ್ಕೆ ವಂದನೆ. ನನ್ನ ಅಂತಿಮ ಸೆಮಿಸ್ಟರ್ ಪರೀಕ್ಷೆ ಇಂಥ ದಿನದಿಂದ ಇರುವುದರಿಂದ ಈ ವರ್ಷ ಬರಲಾಗುತ್ತಿಲ್ಲ. ನನ್ನ ಜಾಗವನ್ನು ಕಾಯುತ್ತಿರುವವರಿಗೆ ಕೊಡಬೇಕೆಂದು ಕೋರುತ್ತೇನೆ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕುತ್ತೇನೆ. ಕೆಳಗೆ ಹೆಸರು, ಕಾಲೇಜು, ಅರ್ಜಿಯ ಸಂಖ್ಯೆ. ಕಳುಹಿಸಿದ ಮೇಲೆ ಒಂದು ಪ್ರತಿಯನ್ನು ನಿಮಗೆ ಶಿಫಾರಸು ಪತ್ರ ಬರೆದುಕೊಟ್ಟ ಅಧ್ಯಾಪಕರಿಗೂ ಕಳುಹಿಸಿ.